ಗಮನಪ್ಪನ ಇತ್ಯಾದಿ

ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾವುದು ಇನ್ನೂ ಬರಲೇ ಇಲ್ಲ ಎಂದು ಮೈಕಿನಲ್ಲಿ ಸಾರುವುದು ಅವನ ಉದ್ಯೋಗ. ದಿನವಿಡೀ "ಪ್ರಯಾಣಿಕರ ಗಮನಕ್ಕೆ" ಎಂದು ಹೇಳಿ ಹೇಳಿ ನಾಲಿಗೆ ಎಷ್ಟು ಪಳಗಿತ್ತೆಂದರೆ, ಮನೆಯಲ್ಲಿ ಹೆಂಡತಿಯ ಹತ್ತಿರ ಒಂದು ಲೋಟ ನೀರು ಕೇಳುವಾಗಲೂ ಅದೇ ಧಾಟಿ ಬಂದುಬಿಡುತ್ತಿತ್ತು. ಹಾಗಾಗಿ ಅವನಿದ್ದ ನಾಲ್ಕು ಮಹಡಿಯ ಕಟ್ಟಡದವರೆಲ್ಲ ಸೇರಿ ಅವನಿಗೆ ಗಮನಪ್ಪ ಎಂದು ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪ್ರತಿ ಪ್ರಕಟಣೆಯನ್ನೂ ಎರಡು ಸಲ ಹೇಳಬೇಕೆಂಬುದು ನಿಲ್ದಾಣದ ನಿಯಮ. ಅವನು ಎರಡನೆಯ ಸಲವನ್ನು ಮೊದಲನೆಯದಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದ. ಮೈಕಿನ ಹಳೆಯ ವೈರು ದಿನಕ್ಕೊಮ್ಮೆಯಾದರೂ ತನ್ನಷ್ಟಕ್ಕೆ ತಾನೇ ಸುತ್ತಿ ಹೊಸೆದುಕೊಂಡು ದನಿ ಕಡಿದುಬಿಡುತ್ತಿತ್ತು. ಆಗ ಅವನು ಬೈಯದೆ, ಬಡಿಯದೆ, ಅದನ್ನು ಉಲ್ಟಾ ತಿರುಗಿಸಿ ಬಿಡಿಸಿ ಮತ್ತೆ ಮಾತು ಮುಂದುವರಿಸುತ್ತಿದ್ದ.

ಇಂಥ ಗುಣವಂತನಿಗೆ ಇದ್ದ ಒಂದೇ ಕಾಯಿಲೆ ಮರ್ಯಾದೆ. ಲೋಕದಲ್ಲಿ ಸಭ್ಯ ಶಬ್ದಗಳು, ಅಸಭ್ಯ ಶಬ್ದಗಳು ಎಂದು ಎರಡು ಜಾತಿಗಳಿವೆ, ಎರಡನೆಯದು ತನ್ನ ಬಾಯಿಂದ ಹೊರಟರೆ ಮೈಕು ಮೈಲಿಗೆಯಾಗುತ್ತದೆ ಎಂದು ಅವನು ನಂಬಿದ್ದ. ಶೌಚಾಲಯ ಎನ್ನುವುದು ಅವನ ಬಾಯಲ್ಲಿ "ವಿಶ್ರಾಂತಿ ಕೊಠಡಿಯ ಪಕ್ಕದ ಕೊಠಡಿ" ಆಯಿತು. ವಿಶ್ರಾಂತಿ ಕೊಠಡಿಗೆ ಎರಡು ಪಕ್ಕಗಳಿದ್ದವು. ಇನ್ನೊಂದು ಪಕ್ಕದಲ್ಲಿ ಕಂಟ್ರೋಲರ್ ಸಾಹೇಬರ ಕಚೇರಿ ಇತ್ತು. ಅವಸರದಲ್ಲಿದ್ದ ಪ್ರಯಾಣಿಕರು ಸಾಹೇಬರ ಬಾಗಿಲು ದಬ್ಬಿಕೊಂಡು ಒಳಗೆ ನುಗ್ಗಿದಾಗಲೆಲ್ಲ ಸಾಹೇಬರು ಬೆವರು ಒರೆಸಿಕೊಂಡು ಆಚೆ ಪಕ್ಕದ ಬಾಗಿಲು ತೋರಿಸುತ್ತಿದ್ದರು. ಗಮನಪ್ಪ ಮಾತ್ರ ಪಟ್ಟು ಬಿಡಲಿಲ್ಲ.

ಮನೆಯಲ್ಲಂತೂ ಕೇಳಲೇಬೇಡಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಅಷ್ಟರಲ್ಲಿ ಹೆಂಡತಿಯ ಅರ್ಧ ಭಾಷೆಯನ್ನು ತಿದ್ದಿಬಿಟ್ಟಿದ್ದ. ಅವನ ಚಡ್ಡಿಗೆ ಆ ಮನೆಯಲ್ಲಿ ಇತ್ಯಾದಿ ಎಂದು ಹೆಸರು. "ಅಂಗಿ, ಪ್ಯಾಂಟು, ಇತ್ಯಾದಿ ಒಣಗಿದೆಯಾ?" ಎಂದು ಅವನು ಕೇಳುವುದು, "ಇತ್ಯಾದಿ ಇನ್ನೂ ಹಸಿ ಇದೆ" ಎಂದು ಅವಳು ಹೇಳುವುದು. ಕ್ರಮೇಣ ಸೊಂಟದಿಂದ ಕೆಳಗೆ ತೊಡೆಯ ತನಕ ಇರುವ ಸಮಸ್ತ ಪ್ರದೇಶವೂ ಇತ್ಯಾದಿಗೇ ಸೇರಿಹೋಯಿತು. ಪಾಪ, ಆ ಹೆಣ್ಣುಮಗಳು ಇದನ್ನು ಒಂದು ಬಗೆಯ ಪ್ರೀತಿ ಎಂದೇ ತಿಳಿದುಕೊಂಡಿದ್ದಳು.

ಇವರ ಮನೆಗೆ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಂದರು. ಅತ್ತೆಯವರದು ದೊಡ್ಡ ಕೈ. ನಾಲ್ವರಿಗೆ ಅಡುಗೆ ಮಾಡು ಎಂದರೆ ನಲವತ್ತು ಜನಕ್ಕೆ ಮಾಡುವ ಕೈ. ಒಂದು ರಜೆಯ ದಿನ ಸಂತೆಯಲ್ಲಿ ಒಳ್ಳೆಯ ಅಣಬೆ ಸಿಕ್ಕಿತೆಂದು ಚೀಲ ತುಂಬ ತಂದು, ಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಕಟ್ಟಡದ ಒಂದೊಂದು ಮನೆಗೂ ಒಂದೊಂದು ಬಟ್ಟಲು ತಾವೇ ಕೊಟ್ಟುಬಂದರು. ಎಲ್ಲರೂ ಬೆರಳು ಚೀಪಿಕೊಂಡು ತಿಂದರು. ಗಮನಪ್ಪನೂ ಎರಡು ಸಲ ಹಾಕಿಸಿಕೊಂಡು, ರುಚಿಯಾಗಿದೆ ಎಂಬುದನ್ನು ನಿಯಮದ ಪ್ರಕಾರ ಎರಡು ಸಲ ಪ್ರಕಟಿಸಿ, ಮಂಚದ ಮೇಲೆ ಅಡ್ಡಾದ.

ಇನ್ನೇನು ಕಣ್ಣು ಹತ್ತಬೇಕು, ಆಗ ಬಂತು ನೋಡಿ ನೋವು. ಎಡಗಡೆಯ ಇತ್ಯಾದಿಯಲ್ಲಿ ಯಾರೋ ಇಕ್ಕಳ ಹಾಕಿ ತಿರುಚಿದಂಥ ನೋವು. ಹಿಂದೆಯೂ ಒಂದೆರಡು ಸಲ ಹೀಗೆ ಬಂದು, ತಾನಾಗಿ ಹೋಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಬೇಕಾದ ಶಬ್ದವನ್ನೇ ಮನೆಯಿಂದ ಓಡಿಸಿಯಾಗಿತ್ತಲ್ಲ. ಈ ಸಲ ನೋವು ಹೋಗುವ ಲಕ್ಷಣ ಕಾಣಲಿಲ್ಲ. ಹೊಟ್ಟೆಯ ಕೆಳಭಾಗಕ್ಕೂ ಏರಿ, ಹಣೆಯಲ್ಲಿ ಬೆವರೊಡೆಸಿ, ಉಂಡದ್ದನ್ನೆಲ್ಲ ವಾಂತಿ ಮಾಡಿಸಿತು.

ಹೆಂಡತಿ ಓಡಿಬಂದಳು. ಅವಳ ಹಿಂದೆ ಅತ್ತೆ ಸೌಟು ಹಿಡಿದುಕೊಂಡೇ ಬಂದರು. ಎಲ್ಲಿ ನೋವು ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಗಮನಪ್ಪ ಹೆಂಡತಿಯ ಮುಖ ನೋಡಿದ, ಅತ್ತೆಯ ಮುಖ ನೋಡಿದ, ಸೌಟು ನೋಡಿದ. "ಹೊಟ್ಟೆ" ಎಂದ.

ಹೊಟ್ಟೆ ಎನ್ನುವುದು ಬಹಳ ಮರ್ಯಾದಸ್ಥ ಅಂಗ. ಅದರ ನೋವನ್ನು ಯಾರ ಮುಂದೆ ಬೇಕಾದರೂ ಹೇಳಬಹುದು, ಅದಕ್ಕೆ ರಜೆಯೂ ಸಿಗುತ್ತದೆ, ಕನಿಕರವೂ ಸಿಗುತ್ತದೆ. ಆದರೆ ಅದಕ್ಕೊಂದು ದೋಷವಿದೆ. ಹೊಟ್ಟೆ ನೋಯುತ್ತದೆ ಎಂದ ಕೂಡಲೇ, ಹೊಟ್ಟೆಗೆ ಏನು ಹಾಕಿದಿರಿ ಎಂಬ ಪ್ರಶ್ನೆ ಬರುತ್ತದೆ. ಹೆಂಡತಿ ತಿರುಗಿ ಅಡುಗೆಮನೆಯ ದೊಡ್ಡ ಪಾತ್ರೆಯನ್ನು ನೋಡಿದಳು. ಅವಳು ನೋಡಿದ್ದನ್ನು ಅತ್ತೆ ನೋಡಿದರು.

ಎದುರುಮನೆಯಲ್ಲಿ ಇದ್ದವರು ನಗರಸಭೆಯ ಹೆಲ್ತ್ ಇನ್‌ಸ್ಪೆಕ್ಟರು. ರಜೆಯ ದಿನ ತಪಾಸಣೆಗೆ ಹೋಟೆಲುಗಳು ಸಿಗದೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ವಾಂತಿಯ ಸದ್ದು ಕೇಳಿದ್ದೇ ತಡ, ಕನ್ನಡಕ ಏರಿಸಿಕೊಂಡು ಬಂದೇಬಿಟ್ಟರು. ಏನು ತಿಂದಿರಿ ಎಂದು ಕೇಳಿದರು. ಅಣಬೆ ಎಂಬ ಉತ್ತರ ಬಂತು. ಇನ್‌ಸ್ಪೆಕ್ಟರ ಮುಖದಲ್ಲಿ ಗಾಬರಿಯೂ ಸಂತೋಷವೂ ಒಟ್ಟಿಗೆ ಮೂಡಿದವು. ಅಣಬೆಯಲ್ಲಿ ತಿನ್ನುವ ಜಾತಿ ಇದೆ, ಕೊಲ್ಲುವ ಜಾತಿ ಇದೆ, ನೋಡುವುದಕ್ಕೆ ಎರಡೂ ಒಂದೇ ಥರ ಇರುತ್ತವೆ ಎಂದು ಬಾಗಿಲಲ್ಲೇ ನಿಂತು ಮೆಟ್ಟಿಲಿಗೆಲ್ಲ ಕೇಳುವಂತೆ ವಿವರಿಸಿದರು. ಆಮೇಲೆ ಉಪ್ಪಿನಕಾಯಿ ಬಾಟಲಿಯೊಂದನ್ನು ತೊಳೆಸಿ, ಅದಕ್ಕೆ ಒಂದಿಷ್ಟು ಅಣಬೆ ತುಂಬಿ, ಪಾತ್ರೆಯ ಮುಚ್ಚಳಕ್ಕೆ ಸುತ್ತಲೂ ಅಂಟುಪಟ್ಟಿ ಹಚ್ಚಿ, ಇನ್ನು ಇದನ್ನು ಯಾರೂ ಮುಟ್ಟಕೂಡದು ಎಂದು ಆಜ್ಞೆ ಮಾಡಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಾವು. ವಿಷ ಎಂದರೆ ಹೊಟ್ಟೆ ಮುಟ್ಟಿ ನೋಡಿಕೊಳ್ಳದೆ ಇರುತ್ತೇವೆಯೇ? ಮೊದಲು ಕೆಳಮಹಡಿಯ ದರ್ಜಿಗೆ ಹೊಟ್ಟೆಯಲ್ಲಿ ಏನೋ ಗುಡುಗುಡು ಎಂದಿತು. ಅವನ ಹೆಂಡತಿಗೆ ಗಂಡನ ಗುಡುಗುಡು ಕೇಳಿ ತಲೆಸುತ್ತು ಬಂತು. ಮೂರನೆಯ ಮಹಡಿಯ ನಿವೃತ್ತ ಹೆಡ್‌ಮಾಸ್ತರರು ಗೋಡೆ ಹಿಡಿದುಕೊಂಡು ಇಳಿದುಬಂದು, ತಮಗೂ ಕಣ್ಣು ಮಂಜಾಗುತ್ತಿದೆ ಎಂದರು. ನೀವು ಅಣಬೆ ಮುಟ್ಟುವುದೇ ಇಲ್ಲ, ಬಟ್ಟಲನ್ನು ಹಾಗೇ ಬೆಕ್ಕಿಗೆ ಇಟ್ಟಿರಲ್ಲ ಎಂದು ಅವರ ಹೆಂಡತಿ ನೆನಪಿಸಿದರು. ಇಡುವಾಗ ವಾಸನೆ ಮೂಗಿಗೆ ಹೋಗಿತ್ತು ಎಂದು ಹೆಡ್‌ಮಾಸ್ತರರು ಸಾಧಿಸಿದರು. ಬೆಕ್ಕು ಎಲ್ಲಿದೆ ಎಂದು ಹುಡುಕಿದರೆ ಅದು ಇನ್ನೊಂದು ಬಟ್ಟಲು ಸಿಗುತ್ತದೆಯೇ ಎಂದು ಅತ್ತೆಯ ಕಾಲಿಗೇ ಸುತ್ತಿಕೊಂಡಿತ್ತು. ಅದನ್ನು ಯಾರೂ ಸಾಕ್ಷಿಯಾಗಿ ಪರಿಗಣಿಸಲಿಲ್ಲ.

ಅತ್ತೆ ಈಗ ಸೆರಗು ಸಿಕ್ಕಿಸಿದರು. ಅಂಟುಪಟ್ಟಿಯನ್ನು ಒಂದೇ ಎಳೆತಕ್ಕೆ ಕಿತ್ತು, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಸೌಟಿನಿಂದಲೇ ಅಣಬೆ ತಿನ್ನತೊಡಗಿದರು. ಇನ್‌ಸ್ಪೆಕ್ಟರು ಸಾಕ್ಷ್ಯನಾಶ, ಸಾಕ್ಷ್ಯನಾಶ ಎಂದು ಕೈ ಹಿಡಿಯಲು ಹೋದರು. ಅತ್ತೆ ಸೌಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ ತಿನ್ನುವುದನ್ನು ಮುಂದುವರಿಸಿದರು.

"ನಾನು ಸತ್ರೆ ಅಣಬೆದು ತಪ್ಪು. ಸಾಯದೆ ಇದ್ರೆ ನಿಮ್ಮೆಲ್ಲರದೂ ತಪ್ಪು" ಎಂದರು.

ಗಮನಪ್ಪ ಮಂಚದಲ್ಲಿ ಮುದುಡಿಕೊಂಡು ಇದನ್ನೆಲ್ಲ ಕೇಳುತ್ತಿದ್ದ. ತನ್ನ ಒಂದು ಶಬ್ದದಿಂದ ಎದ್ದ ರಾದ್ಧಾಂತ ತನ್ನ ಒಂದು ಶಬ್ದದಿಂದಲೇ ನಿಲ್ಲುತ್ತದೆ ಎಂದು ಅವನಿಗೆ ತಿಳಿದಿತ್ತು. ಆದರೆ ಆ ಶಬ್ದ ಬಿಸಿತುಪ್ಪದಂತೆ ಬಾಯಲ್ಲಿ ಕೂತಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಇನ್‌ಸ್ಪೆಕ್ಟರು ಮಂಚದ ಬಳಿ ಬಗ್ಗಿ, ನೋವು ಹೊಟ್ಟೆಯಲ್ಲೇ ಇದೆಯಾ ಎಂದು ವಿಚಾರಿಸಿದಾಗ, ಗಂಡಸಿನ ಹತ್ತಿರ ಗಂಡಸು ಹೇಳಬಹುದೆಂದು ಧೈರ್ಯ ಮಾಡಿ, ಸತ್ಯದ ಕಡೆಗೆ ಒಂದು ಹೆಜ್ಜೆ ಇಟ್ಟ. ಹೊಟ್ಟೆಯಲ್ಲಿತ್ತು, ಈಗ ಸ್ವಲ್ಪ ತೊಡೆಯ ಹತ್ತಿರ ಇದೆ ಎಂದ.

ಇನ್‌ಸ್ಪೆಕ್ಟರು ಸೆಟೆದು ನಿಂತರು. ವಿಷ ಕೆಳಗೆ ಇಳಿಯುತ್ತಿದೆ ಎಂದು ಘೋಷಿಸಿದರು. ಇಳಿಯುವ ವಿಷವನ್ನು ಅವರು ಈ ತನಕ ಕಂಡಿರಲಿಲ್ಲವಂತೆ, ಕೇಳಿಯೂ ಇರಲಿಲ್ಲವಂತೆ. ಆದರೂ ಅನುಭವಸ್ಥರಾದ ಕಾರಣ ಸುಮ್ಮನೆ ಕೂರದೆ, ಹಗ್ಗದ ಮೇಲೆ ಒಣಗಿದ್ದ ಟವೆಲ್ಲು ಎಳೆದು, ಹಾವು ಕಚ್ಚಿದವರಿಗೆ ಕಟ್ಟಿದಂತೆ ಗಮನಪ್ಪನ ಎಡತೊಡೆಗೆ ಬಿಗಿದು ಕಟ್ಟಿದರು. ಗಮನಪ್ಪ ಹಾಕಿದ ಕೂಗು ನಾಲ್ಕನೆಯ ಮಹಡಿಗೆ ಕೇಳಿಸಿತು. ಅಲ್ಲಿಯ ತನಕ ಆರಾಮವಾಗಿದ್ದ ನಾಲ್ಕನೆಯ ಮಹಡಿಯವರಿಗೂ ಹೊಟ್ಟೆನೋವು ಶುರುವಾಯಿತು.

ಕಟ್ಟಡದಲ್ಲಿ ಸಾಮಾನು ಸಾಗಿಸುವ ವ್ಯಾನಿನವನೊಬ್ಬನಿದ್ದ. ವಿಷ ಏರಿದವರು, ಇಳಿದವರು, ಇನ್ನೂ ತೀರ್ಮಾನವಾಗದವರು, ಎಲ್ಲರನ್ನೂ ಅವನ ವ್ಯಾನಿಗೆ ತುಂಬಿ ಆಸ್ಪತ್ರೆಗೆ ಹೊರಟದ್ದಾಯಿತು. ಒಂದೊಂದು ಗುಂಡಿಗೂ ಗಮನಪ್ಪನಿಗೆ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಳುತ್ತಿದ್ದಳು. ಎದುರಿಗೆ ಕೂತ ಅತ್ತೆ ಮಗಳ ಕಡೆ ನೋಡುತ್ತಲೂ ಇರಲಿಲ್ಲ. ಯಾಕೆಂದರೆ ಹೊರಡುವಾಗ ಮಗಳು, ಅಮ್ಮಾ ಅಣಬೆ ಸರಿಯಾಗಿ ನೋಡಿ ತಂದೆಯಾ ಎಂದು ಒಂದು ಮಾತು ಕೇಳಿಬಿಟ್ಟಿದ್ದಳು. ತಾಯಿಯ ಕೈಯನ್ನು ಮಗಳೇ ಅನುಮಾನಿಸಿದ ಮೇಲೆ ಇನ್ನೇನು ಉಳಿಯಿತು?

ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಲ್ಲಿ ಒಂದಿಡೀ ಕಟ್ಟಡ ಬಂದು ಇಳಿದದ್ದನ್ನು ಕಂಡು ಹಿರಿಯ ನರ್ಸಮ್ಮನವರು ಹೌಹಾರಲಿಲ್ಲ. ಅವರು ಬಹಳ ಜನರನ್ನು ಕಂಡವರು. ಎಲ್ಲರನ್ನೂ ಗೋಡೆಯ ಬದಿಗೆ ಸಾಲಾಗಿ ನಿಲ್ಲಿಸಿದರು. ಗಮನಪ್ಪನ ತೊಡೆಯ ಟವೆಲ್ಲು ಕಂಡು, ಇದನ್ನು ಕಟ್ಟಿದ ಪುಣ್ಯಾತ್ಮ ಯಾರು ಎಂದು ಕೇಳಿದರು. ಇನ್‌ಸ್ಪೆಕ್ಟರು ಬೇರೆಯವರ ಮುಖ ನೋಡಿದರು. ಇಷ್ಟು ಜನಕ್ಕೆ ಅಲ್ಲಿದ್ದ ಒಬ್ಬ ಡಾಕ್ಟರು ಸಾಲದೆಂದು, ಮೇಲಿನ ಮಹಡಿಗಳಲ್ಲಿ ಬಿಡುವಾಗಿದ್ದ ಡಾಕ್ಟರುಗಳನ್ನೆಲ್ಲ ಕೆಳಗೆ ಕರೆಸಿದರು. ಹಾಗೆ ಬಂದವರಲ್ಲಿ ಮೂತ್ರಾಂಗದ ರೋಗಗಳನ್ನು ನೋಡುವ ಯೂರಾಲಜಿಯ ಸರ್ಜನ್ ಡಾಕ್ಟರಮ್ಮ ಒಬ್ಬರು. ಅಣಬೆಗೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ. ದೇವರು ಕೆಲವು ಸಲ ಅಡ್ಡದಾರಿಯಲ್ಲಿ ಬಂದು ಒಳ್ಳೆಯದು ಮಾಡುತ್ತಾನೆ.

ಡಾಕ್ಟರಮ್ಮ ಗಮನಪ್ಪನ ಹೊಟ್ಟೆ ಒತ್ತಿ ನೋಡಿದರು. ಮೆತ್ತಗಿತ್ತು. ಇನ್ನೊಂದು ಕಡೆ ಒತ್ತಿದರು. ಅಲ್ಲೂ ಮೆತ್ತಗಿತ್ತು. ಭೇದಿ ಆಗಿದೆಯಾ ಎಂದರೆ ಇಲ್ಲ. ಮೊದಲು ಬಂದದ್ದು ನೋವೋ ವಾಂತಿಯೋ ಎಂದರೆ ನೋವು. ನಡೆಯುವಾಗ ಕಾಲು ಅಗಲಿಸಿ ನಡೆದಿರಲ್ಲ, ಬೇರೆ ಎಲ್ಲಾದರೂ ನೋವಿದೆಯಾ ಎಂದು ಕೇಳಿದರು. ಗಮನಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ. ನಿಮ್ಮ ಕೈಯನ್ನೇ ನೋವಿರುವ ಕಡೆ ಇಡಿ ಎಂದರು. ಅವನ ಕೈ ಎದೆಯಿಂದ ಹೊರಟು, ಹೊಟ್ಟೆಯ ಮೇಲೆ ಕೊಂಚ ತಂಗಿ, ಸೊಂಟಪಟ್ಟಿಯ ಗಡಿ ತನಕ ಹೋಗಿ, ಪರದೆಯ ಸಂದಿಯಲ್ಲಿ ಇಣುಕುತ್ತಿದ್ದ ದರ್ಜಿ, ಹೆಡ್‌ಮಾಸ್ತರರು ಮತ್ತು ಇನ್‌ಸ್ಪೆಕ್ಟರ ಮುಖಗಳನ್ನು ಕಂಡು ಮತ್ತೆ ಎದೆಗೇ ವಾಪಸ್ಸು ಬಂತು.

ಅಷ್ಟರಲ್ಲಿ ಹೊರಗೆ ಇನ್ನೊಂದು ಪ್ರಕರಣ ಶುರುವಾಗಿತ್ತು. ವಿಷದ ಕೇಸೆಂದರೆ ಆಸ್ಪತ್ರೆಯಲ್ಲಿ ಪೊಲೀಸಿಗೆ ತಿಳಿಸುವುದು ರೂಢಿ. ಬಾಗಿಲ ಬಳಿ ಕೂರುವ ಪೊಲೀಸಿನವನು ಬಂದು, ಅಡುಗೆ ಮಾಡಿದವರು ಯಾರು ಎಂದು ವಿಚಾರಿಸಿದ. ಎಲ್ಲರ ಬೆರಳುಗಳೂ ಒಟ್ಟಿಗೆ ತಿರುಗಿದವು. ಅಳಿಯನಿಗೂ ನಿಮಗೂ ಮೊದಲಿನಿಂದ ಏನಾದರೂ ಮನಸ್ತಾಪ ಇತ್ತಾ ಎಂದು ಅವನು ತನ್ನ ಕೆಲಸದ ಪ್ರಕಾರ ಕೇಳಿದ.

ಪಾತ್ರೆ ಅಣಬೆಯನ್ನು ತಿಂದು ಜಗ್ಗದೆ ಇದ್ದ ಹೆಂಗಸು ಆ ಒಂದು ಪ್ರಶ್ನೆಗೆ ಕುಸಿದುಹೋದರು. ಬೆಂಚಿನ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

"ನನಗೆ ಗಂಡುಮಕ್ಕಳಿಲ್ಲ. ಅವನಿಗೇ ಅಂತ ಹುಡುಕಿ ಹುಡುಕಿ ಎಳೇದು ಆರಿಸಿ ತಂದೆ" ಎಂದರು.

ಪರದೆಯ ಒಳಗೆ ಗಮನಪ್ಪನಿಗೆ ಇದು ಕೇಳಿಸಿತು. ಅವನಿಗೆ ನಿಜವಾಗಿಯೂ ನಾಚಿಕೆಯಾದದ್ದು ಆಗ. ಅಲ್ಲಿಯ ತನಕ ಆಗಿದ್ದು ಬರೀ ಸಂಕೋಚ. ಹೆಂಡತಿಯ ಕೈ ಜಗ್ಗಿ ಹತ್ತಿರ ಕರೆದು, ಕಿವಿಯಲ್ಲಿ, ನೋವು ಹೊಟ್ಟೆಯಲ್ಲಲ್ಲ, ಇತ್ಯಾದಿಯಲ್ಲಿ ಎಂದ. ಅವಳು ಬೆಚ್ಚಿಬಿದ್ದು ಡಾಕ್ಟರಮ್ಮನ ಕಡೆ ತಿರುಗಿದಳು.

"ಡಾಕ್ಟ್ರೇ, ನೋವಿರೋದು ಹೊಟ್ಟೇಲಲ್ಲವಂತೆ. ಇತ್ಯಾದೀಲಂತೆ."

"ಇತ್ಯಾದಿ ಅಂದ್ರೆ?"

ಅವಳು ಬಾಯಿ ತೆರೆದಳು. ಶಬ್ದ ಬರಲಿಲ್ಲ. ತಿಂಗಳುಗಟ್ಟಲೆ ಬಳಸದೆ ಇಟ್ಟ ಕೀಲಿಯಂತೆ ಆ ಶಬ್ದ ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಇತ್ಯಾದಿ ಅಂದರೆ ಇತ್ಯಾದಿ ಎಂದು ಹೇಳಿ ಅಳತೊಡಗಿದಳು. ಡಾಕ್ಟರಮ್ಮ ಗಮನಪ್ಪನನ್ನು ನೋಡಿದರು. ಗಮನಪ್ಪನೂ ಬಾಯಿ ತೆರೆದ. ಅವನ ಮಾಮೂಲಿ ದನಿಗೆ ಆ ಶಬ್ದ ಆಡುವ ಅಭ್ಯಾಸವಿರಲಿಲ್ಲ, ಗಂಟಲಲ್ಲೇ ಒಣಗಿತು. ಆದರೆ ಅವನ ಹತ್ತಿರ ಇನ್ನೊಂದು ದನಿ ಇತ್ತು. ಯಾವ ಬಸ್ಸು ಕೆಟ್ಟು ನಿಂತರೂ, ಯಾರ ಗಂಟುಮೂಟೆ ಕಳೆದರೂ, ಅಂಜದೆ ಅಳುಕದೆ ಹೇಳುವ ದನಿ. ಅವನು ಕಣ್ಣು ಮುಚ್ಚಿದ. ಎಡಗೈಯನ್ನು ಮೈಕಿನಂತೆ ಬಾಯಿಯ ಮುಂದೆ ಹಿಡಿದ.

"ಪ್ರಯಾಣಿಕರ ಗಮನಕ್ಕೆ. ಮಧ್ಯಾಹ್ನದ ಊಟದ ನಂತರ ಆರಂಭವಾದ ನೋವು, ಈಗಾಗಲೇ ಪ್ರಕಟಿಸಿದಂತೆ ಹೊಟ್ಟೆಯಲ್ಲಿ ಇರುವುದಿಲ್ಲ. ಸದರಿ ನೋವು ಎಡಗಡೆಯ ವೃಷಣದಲ್ಲಿ ನಿಂತಿರುತ್ತದೆ. ಅಣಬೆಗೂ ಇದಕ್ಕೂ ಯಾವುದೇ ಸಂಬಂಧ ಇರುವುದಿಲ್ಲ. ಅಡುಗೆ ಮಾಡಿದ ಅತ್ತೆಯವರು ನಿರಪರಾಧಿಗಳು. ಬದಲಾವಣೆಯಿಂದ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ."

ಗಮನಪ್ಪ ಉಸಿರೆಳೆದುಕೊಂಡ. ಡಾಕ್ಟರಮ್ಮ ಆಗಲೇ ಕೈಗವಸು ತೊಡುತ್ತ, ಸಾಕು ಸಾಕು ಗೊತ್ತಾಯಿತು ಎಂದರೂ ಕೇಳದೆ, ನಿಯಮ ನಿಯಮವೇ ಆದ್ದರಿಂದ, "ಮತ್ತೊಮ್ಮೆ" ಎಂದು ಪೂರ್ತಿ ಪ್ರಕಟಣೆಯನ್ನು ಇನ್ನೂ ಗಟ್ಟಿಯಾಗಿ ಹೇಳಿದ. ಮೊದಲನೆಯದು ಕೇಳಿಸದೆ ಇದ್ದ ಹೆರಿಗೆ ವಾರ್ಡಿನವರಿಗೆ ಎರಡನೆಯದು ಸ್ಪಷ್ಟವಾಗಿ ಕೇಳಿಸಿತಂತೆ.

ಹೊರಗೆ ಅತ್ತೆ ಅಳು ನಿಲ್ಲಿಸಿ, ವೃಷಣ ಅಂದರೆ ಏನು ಎಂದು ಹೆಡ್‌ಮಾಸ್ತರರನ್ನು ಕೇಳಿದರು. ಅವರು ಕೆಮ್ಮಿ, ಆ ಕಡೆ ಈ ಕಡೆ ನೋಡಿ, ಬೀಜ ಎಂದರು. ಅತ್ತೆ ಎದ್ದು ಬಂದು ಪರದೆ ಸರಿಸಿದರು.

"ಬೀಜ ನೋಯುತ್ತೆ ಅನ್ನೋದಕ್ಕೆ ನನ್ನ ಅಣಬೇನೇ ಬೇಕಾಗಿತ್ತೇನಪ್ಪಾ?"

ನರ್ಸಮ್ಮ ಪರದೆಯನ್ನು ಮತ್ತೆ ಎಳೆದು ಎಲ್ಲರನ್ನೂ ಆಚೆಗೆ ಅಟ್ಟಿದರು.

ಡಾಕ್ಟರಮ್ಮ ಈಗ ನೋಡಬೇಕಾದ್ದನ್ನೇ ನೋಡಿದರು. ಎಡಗಡೆಯದು ಊದಿ, ಮೇಲಕ್ಕೆ ಎಳೆದುಕೊಂಡು, ಅಡ್ಡಡ್ಡ ಮಲಗಿತ್ತು. ಬಲತೊಡೆಯ ಒಳಭಾಗವನ್ನು ಸವರಿದರೆ ಬಲಗಡೆಯದು ತಟ್ಟನೆ ಮೇಲೆ ಸರಿಯಿತು. ಎಡಗಡೆ ಸವರಿದರೆ ಮಿಸುಕಲಿಲ್ಲ. ಅವರು ತಡಮಾಡದೆ ಆಪರೇಷನ್ ಕೋಣೆ ಸಿದ್ಧಮಾಡಲು ಹೇಳಿ ಕಳಿಸಿದರು. ಸ್ಕ್ಯಾನು ಮಾಡಿಸಬಾರದೇ ಎಂದು ಹೆಂಡತಿ ಕೇಳಿದಳು. ಅನುಮಾನವಿದ್ದರೆ ಮಾಡಿಸುತ್ತಿದ್ದೆ, ನನಗೆ ಅನುಮಾನವಿಲ್ಲ, ಸ್ಕ್ಯಾನಿಗೆಂದು ಕಾಯುತ್ತ ಕೂತರೆ ಹೊತ್ತು ಹೋಗುತ್ತದೆ ಎಂದರು. ಸ್ವಲ್ಪ ಕಾದು ನೋಡಿದರೆ ತಾನೇ ಹೋಗಬಹುದು, ಹಿಂದೆಯೂ ಹೋಗಿತ್ತು ಎಂದು ಗಮನಪ್ಪ ಗೊಣಗಿದ.

"ಮೈಕಿನಲ್ಲಿ ಹೇಳೋ ಕೆಲಸ ತಾನೇ ನಿಮ್ಮದು? ಅದರ ವೈರು ಸುತ್ಕೊಂಡ್ರೆ ಏನಾಗುತ್ತೆ?" ಎಂದು ಡಾಕ್ಟರಮ್ಮ ಕೇಳಿದರು.

"ದನಿ ನಿಂತುಹೋಗುತ್ತೆ."

"ಇಲ್ಲೂ ಹಾಗೇನೇ. ಒಳಗಿರೋ ಬಳ್ಳಿ ತಿರುಚಿಕೊಂಡಿದೆ, ರಕ್ತ ನಿಂತಿದೆ. ಹಿಂದೆ ತಾನಾಗಿ ಬಿಚ್ಕೊಂಡಿತ್ತು, ಈ ಸಲ ಬಿಚ್ಕೊಂಡಿಲ್ಲ. ನೋವು ಶುರುವಾಗಿ ಆರು ಗಂಟೆಯೊಳಗೆ ಬಿಡಿಸಿದ್ರೆ ಸಾಮಾನ್ಯವಾಗಿ ಉಳಿಯುತ್ತೆ. ಆಮೇಲೆ ಹೊತ್ತು ಹೋದ ಹಾಗೆಲ್ಲ ಆಸೆ ಕಮ್ಮಿ. ಆ ಆರು ಗಂಟೆಯಲ್ಲಿ ಅರ್ಧ ನೀವು ಹೊಟ್ಟೆ ಹೊಟ್ಟೆ ಅಂತ ಕಳೆದಿದ್ದೀರಿ."

ವೈರಿನ ಮಾತು ಗಮನಪ್ಪನಿಗೆ ನೇರ ನಾಟಿತು. ಉಲ್ಟಾ ತಿರುಗಿಸಿ ಬಿಡಿಸಬೇಕು ಎಂದು ತಾನೇ ಹೇಳಿದ. ಅದನ್ನೇ ಮಾಡುವುದು ಎಂದು ಡಾಕ್ಟರಮ್ಮ, ನೋವಿಗೆ ಸೂಜಿ ಕೊಟ್ಟು, ಪುಸ್ತಕ ತೆರೆಯುವಂತೆ ಮೆಲ್ಲಗೆ ಹೊರಗಡೆಗೆ ತಿರುಗಿಸಿ ನೋಡಿದರು. ನೋವು ಅರ್ಧ ಇಳಿದಂತಾಯಿತು. ಇಷ್ಟಕ್ಕೇ ಮನೆಗೆ ಹೋಗುವ ಹಾಗಿಲ್ಲ, ಒಳಗೆ ನೋಡಿ ಪೂರ್ತಿ ಬಿಡಿಸಬೇಕು, ಮತ್ತೆ ತಿರುಚದಂತೆ ಎರಡನ್ನೂ ಹೊಲಿಗೆ ಹಾಕಿ ಕೂರಿಸಬೇಕು ಎಂದರು. ಹೊಲಿಗೆ ಎಂಬ ಮಾತು ಕೇಳಿ ಪರದೆಯಾಚೆ ದರ್ಜಿ ಕೊಂಚ ಹೆಮ್ಮೆಯಿಂದ ನಿಂತನಂತೆ.

ಗಾಲಿಮಂಚ ಒಳಗೆ ಹೋಯಿತು. ಹೊರಗೆ ಒಂದು ಚಮತ್ಕಾರ ನಡೆಯಿತು. ಸಾಲಿನಲ್ಲಿದ್ದವರ ಹೊಟ್ಟೆನೋವೆಲ್ಲ, ಔಷಧಿಯಿಲ್ಲದೆ, ಗ್ಲೂಕೋಸ್ ಬಾಟಲಿಯಿಲ್ಲದೆ, ಮಾಯವಾಗಿತ್ತು. ಹೆಡ್‌ಮಾಸ್ತರರಿಗೆ ಗೋಡೆಯ ಮೇಲಿದ್ದ ಸಣ್ಣ ಅಕ್ಷರಗಳೂ ಕಾಣತೊಡಗಿದವು. ಒಬ್ಬೊಬ್ಬರಾಗಿ ಅತ್ತೆಯ ಹತ್ತಿರ ಬಂದು, ಅಣಬೆ ನಿಜಕ್ಕೂ ಬಹಳ ಚೆನ್ನಾಗಿತ್ತು ಎಂದು ಹೇಳಿ ವ್ಯಾನಿನ ಕಡೆ ಜಾರಿಕೊಂಡರು.

ಅಮ್ಮ ಮಗಳು ಇಬ್ಬರೇ ಬೆಂಚಿನ ಮೇಲೆ ಉಳಿದರು. ಮಗಳಿಗೆ ಭಯವಾಗಿತ್ತು. ನಮಗೆ ಮಕ್ಕಳಾಗದೆ ಹೋದರೆ ಎಂದು ಅವಳು ಕೇಳಿದಳು. ಒಂದು ಇದ್ದರೂ ಸಾಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿಹೋಗಿದ್ದರು, ಆದರೂ ಎರಡೂ ಇರಲಿ ಎಂದು ಅತ್ತೆ ಕೈ ಮುಗಿದರು. ಆಮೇಲೆ ಮಗಳು, ನಿನ್ನ ಕೈಯನ್ನು ಅನುಮಾನಿಸಿದೆ ಅಮ್ಮಾ ಎಂದಳು. ಅತ್ತೆ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡರು. ಆ ಹೆಗಲಿನಲ್ಲಿ ಇನ್ನೂ ಅಣಬೆಯ ಒಗ್ಗರಣೆ ವಾಸನೆ ಇತ್ತು.

ಡಾಕ್ಟರಮ್ಮ ಹೊರಬಂದಾಗ ಇಬ್ಬರೂ ಒಟ್ಟಿಗೆ ಎದ್ದರು. ತೆರೆದು ನೋಡಿದಾಗ ನೀಲಿಗಟ್ಟಿ ಕಪ್ಪಾಗಿತ್ತು ಎಂದು ಅವರು ಹೇಳಿದರು. ಇನ್ನೂ ಉಳಿದಿದ್ದ ಸುತ್ತನ್ನು ಬಿಡಿಸಿ, ಬೆಚ್ಚಗಿನ ಬಟ್ಟೆ ಸುತ್ತಿ, ಕಾದರಂತೆ.

"ಮೆಲ್ಲಗೆ ಬಣ್ಣ ಬಂತು" ಎಂದರು. "ಇನ್ನು ಸ್ವಲ್ಪ ತಡವಾಗಿದ್ರೆ ತೆಗೀಬೇಕಾಗ್ತಿತ್ತು."

"ಎರಡೂ ಇದೆ ತಾನೇ?" ಎಂದು ಅತ್ತೆ ಕಾರಿಡಾರಿಗೆಲ್ಲ ಕೇಳುವಂತೆ ಕೇಳಿದರು.

"ಎರಡೂ ಇದೆ."

ಡಾಕ್ಟರಮ್ಮ ಹೊರಡಬೇಕೆಂದು ತಿರುಗಿದಾಗ ಕಂಬದ ಮರೆಯಿಂದ ಯಾರೋ ಕೆಮ್ಮಿದರು. ಹೆಲ್ತ್ ಇನ್‌ಸ್ಪೆಕ್ಟರು. ಎಲ್ಲರೊಂದಿಗೆ ಹೋಗಿಲ್ಲವೇ ಎಂದರೆ, ಬಾಟಲಿ ಮರೆತಿದ್ದೆ ಎಂದರು. ಬಾಟಲಿ ಅವರ ಕೈಯಲ್ಲೇ ಇತ್ತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, ತಮಗೂ ಬಹಳ ಕಾಲದಿಂದ ಸೊಂಟದ ಹತ್ತಿರ ಒಂದು ಸಣ್ಣ ಊತ ಇದೆ ಎಂದರು. ಸೊಂಟದಲ್ಲೇ ಇದೆಯಾ ಎಂದು ಡಾಕ್ಟರಮ್ಮ ಕೇಳಿದರು. ಇನ್‌ಸ್ಪೆಕ್ಟರು ಅತ್ತೆಯ ಕಡೆ ಒಮ್ಮೆ ನೋಡಿದರು. ಅತ್ತೆ, ಹೇಳ್ರೀ ಪರವಾಗಿಲ್ಲ, ಅಣಬೆ ಮೇಲೆ ಮಾತ್ರ ಹಾಕಬೇಡಿ ಎಂದರು. ಇನ್‌ಸ್ಪೆಕ್ಟರು ತಲೆ ತಗ್ಗಿಸಿಕೊಂಡು ಡಾಕ್ಟರಮ್ಮನ ಹಿಂದೆ ಪರದೆಯೊಳಗೆ ಹೋದರು. ಅದು ನೀರು ತುಂಬಿದ ಊತ, ಗುಣವಾಗುವಂಥದು, ವರ್ಷಗಟ್ಟಲೆ ಸಡಿಲ ಪ್ಯಾಂಟು ಹೊಲಿಸಿಕೊಂಡು ತಿರುಗಿದ್ದು ದಂಡ ಎಂದು ಆಮೇಲೆ ಕಟ್ಟಡಕ್ಕೆಲ್ಲ ಗೊತ್ತಾಯಿತು. ದರ್ಜಿಗೆ ಮಾತ್ರ ಮೊದಲೇ ಅನುಮಾನವಿತ್ತಂತೆ.

ಗಮನಪ್ಪ ಚೇತರಿಸಿಕೊಂಡು ಕೆಲಸಕ್ಕೆ ಹೋದ. ಅವನ ಪ್ರಕಟಣೆಯ ಸುದ್ದಿ ಅವನಿಗಿಂತ ಮೊದಲೇ ನಿಲ್ದಾಣ ತಲುಪಿತ್ತು. ಕೆಲವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕೆಲವರು ಕ್ಷೇಮ ವಿಚಾರಿಸಿದರು, ಬಹಳ ಜನ ಎರಡನ್ನೂ ಮಾಡಿದರು. ಅವನು ಮೈಕಿನ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ಶೌಚಾಲಯವು ವಿಶ್ರಾಂತಿ ಕೊಠಡಿಯ ಎಡಗಡೆಗೆ ಇರುತ್ತದೆ ಎಂದು ಎರಡು ಸಲ ಸಾರಿದ. ಕಚೇರಿಯಲ್ಲಿ ಕಂಟ್ರೋಲರ್ ಸಾಹೇಬರು ಕುರ್ಚಿಗೆ ಒರಗಿ, ಎಷ್ಟೋ ಕಾಲದ ಮೇಲೆ ನೆಮ್ಮದಿಯಿಂದ ಕಾಲು ಚಾಚಿದರು. ಮನೆಯಲ್ಲೂ ಚಡ್ಡಿಗೆ ಚಡ್ಡಿ ಎಂಬ ಹೆಸರು ವಾಪಸ್ಸು ಬಂತು. ಹೆಂಡತಿಗೆ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. ಅತ್ತೆ ಊರಿಗೆ ಹೊರಡುವ ಮುಂಚೆ ಮತ್ತೊಂದು ಚೀಲ ಅಣಬೆ ತಂದು ಮನೆಮನೆಗೂ ಬಟ್ಟಲು ಕೊಟ್ಟರು, ಯಾರೂ ಬೇಡ ಎನ್ನಲಿಲ್ಲ. ಬೆಕ್ಕಿಗೆ ಮಾತ್ರ ಎರಡು ಬಟ್ಟಲು ಸಿಕ್ಕಿತು.

ಕೆಲವು ತಿಂಗಳು ಕಳೆದ ಮೇಲೆ, ಒಂದು ಬೆಳಿಗ್ಗೆ, ನಿಲ್ದಾಣ ತುಂಬಿ ತುಳುಕುತ್ತಿರುವಾಗ, ಗಾಜಿನ ಗೂಡಿನ ಬಾಗಿಲನ್ನು ಯಾರೋ ತಟ್ಟಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಕಂಡಕ್ಟರು, ಗಿರಿಜಾ ಮೀಸೆಯ ಗಟ್ಟಿ ಆಳು. ಮುಖ ಬಿಳಿಚಿತ್ತು, ಮೀಸೆಯ ಮೇಲೆ ಬೆವರು ನಿಂತಿತ್ತು, ಕಾಲು ಅಗಲಿಸಿ ಬಾಗಿಲಿಗೆ ಒರಗಿದ್ದ. ತನ್ನ ಬಸ್ಸು ಇವತ್ತು ತಡ ಎಂದು ಹೇಳಿಬಿಡಿ, ತನಗೆ ಸ್ವಲ್ಪ ಹೊಟ್ಟೆನೋವು ಎಂದ.

ಗಮನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಹೊಟ್ಟೆ ಅಂದ್ರೆ ಹೊಟ್ಟೆನೇನಾ ತಮ್ಮಾ?"

ಕಂಡಕ್ಟರು ಹೊರಗಿದ್ದ ಜನಜಂಗುಳಿಯನ್ನು ನೋಡಿದ, ಮೈಕನ್ನು ನೋಡಿದ, ನೆಲ ನೋಡಿದ. ಗಮನಪ್ಪ ಕೈ ಚಾಚಿ ಮೊದಲು ಮೈಕು ಆರಿಸಿದ. ಆಮೇಲೆ ಕಿಟಕಿಯ ಪರದೆ ಎಳೆದ, ತನ್ನ ಕುರ್ಚಿಯನ್ನು ಅವನ ಕಡೆಗೆ ತಳ್ಳಿದ.

"ಈಗ ಹೇಳು. ಒಂದೇ ಸಲ ಹೇಳಿದ್ರೆ ಸಾಕು."

ಅವನು ಹೇಳಿದ. ಅವತ್ತು ಪ್ರಕಟಣೆಯಿಲ್ಲದೆ ಬಸ್ಸುಗಳು ತಮ್ಮಷ್ಟಕ್ಕೆ ತಾವು ಬಂದವು, ಹೋದವು. ಗಮನಪ್ಪ ಕಂಡಕ್ಟರನ ತೋಳು ಹಿಡಿದುಕೊಂಡು ಆಸ್ಪತ್ರೆಯ ದಾರಿಯಲ್ಲಿದ್ದ.